ಹಾರಾಟದ ಹೊಸ್ತಿಲಲ್ಲಿ ಭಾಷೆ: ಮುಕ್ತ ತಂತ್ರಾಂಶದ ಲಾಂಚರ್ ರಚನೆ

ಮಂಜೇಶ್ವರ ಇರುವುದು ಕೇರಳದಲ್ಲಿ. ಅದಕ್ಕೆ ಹತ್ತಿರದ ವಿಮಾನ ನಿಲ್ದಾಣ ಇರುವುದು ಕರ್ನಾಟಕದ ಬಜ್ಪೆಯಲ್ಲಿ. ವಿಮಾನ ಹಾರಾಟವನ್ನು ಗಣಕದಲ್ಲಿ ಅನುಕರಿಸುವ ಫ್ಲೈಟ್‌ಗಿಯರ್ ಎಂಬ ಮುಕ್ತ ತಂತ್ರಾಂಶದ ಭೂದೃಶ್ಯ ಸಂಗ್ರಹವು ಭೂಮಿಯನ್ನು ಒಂದೊಂದು ಡಿಗ್ರಿಯ ಚೌಕಗಳಾಗಿ ವಿಭಾಗಿಸಿಕೊಂಡಿದೆ. ಪೂರ್ವ ರೇಖಾಂಶ 74ರಿಂದ 75, ಉತ್ತರ ಅಕ್ಷಾಂಶ 12ರಿಂದ 13ರ ನಡುವಿನ ಚೌಕದಲ್ಲಿ ಈ ಎರಡು ಸ್ಥಳಗಳೂ ಒಟ್ಟಿಗೆ ಸೇರಿವೆ. ರಾಜ್ಯಗಳ ಗಡಿ ಆ ಸಂಗ್ರಹಕ್ಕೆ ತಿಳಿಯದು. ಆದರೆ ಆ ಚೌಕದ ಮೇಲೆ ಹಾರಬಯಸುವ ಕನ್ನಡ ವಿದ್ಯಾರ್ಥಿಯು ಆಕಾಶವನ್ನು ಕಾಣುವುದಕ್ಕೆ ಮೊದಲು ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ: ಯಾವ ವಿಮಾನ, ಯಾವ ನಿಲ್ದಾಣ, ಯಾವ ಹೊತ್ತು, ಎಂಥ ಹವೆ. ಈ ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ಒಟ್ಟುಗೂಡಿಸಿ, ಮುಖ್ಯ ತಂತ್ರಾಂಶವನ್ನು ಚಾಲನೆಗೊಳಿಸುವ ಭಾಗಕ್ಕೆ ಲಾಂಚರ್ ಎಂದು ಹೆಸರು.

ತಂತ್ರಾಂಶದ ಕನ್ನಡೀಕರಣವೆಂದರೆ ಸಿದ್ಧವಾದ ಪದಪಟ್ಟಿಯೊಂದನ್ನು ಅನುವಾದಕರ ಕೈಗಿಡುವುದು ಎಂಬ ಭಾವನೆ ವ್ಯಾಪಕವಾಗಿದೆ. ಲಾಂಚರಿನ ರಚನೆಯನ್ನು ಹತ್ತಿರದಿಂದ ನೋಡಿದರೆ ಸಂಗತಿ ಬೇರೆಯೇ ಇರುವುದು ಕಾಣುತ್ತದೆ. ಒಂದು ಭಾಷೆಗೆ ಅಲ್ಲಿ ಪ್ರವೇಶ ಉಂಟೋ ಇಲ್ಲವೋ ಎಂಬುದು ಅನುವಾದಕರು ಬರುವುದಕ್ಕೆ ಬಹಳ ಮೊದಲೇ, ಕಡತದ ಹೆಸರನ್ನು ಹೇಗೆ ಓದಬೇಕು, ವಾಕ್ಯವನ್ನು ಹೇಗೆ ಜೋಡಿಸಬೇಕು, ಅಕ್ಷರವನ್ನು ಯಾರು ಬಿಡಿಸಬೇಕು ಎಂಬ ತಾಂತ್ರಿಕ ತೀರ್ಮಾನಗಳಲ್ಲಿ ನಿರ್ಣಯವಾಗಿರುತ್ತದೆ.

ಲಾಂಚರ್ ಏಕೆ ಬೇಕಾಯಿತು

ಫ್ಲೈಟ್‌ಗಿಯರ್ ಯೋಜನೆಯ ಮೊದಲ ಪ್ರಸ್ತಾವ 1996ರಲ್ಲಿ ಡೇವಿಡ್ ಮರ್ ಅವರಿಂದ ಬಂದಿತು. ಮರುವರ್ಷ ಕರ್ಟಿಸ್ ಓಲ್ಸನ್ ಅವರ ನೇತೃತ್ವದಲ್ಲಿ, ಒಂದಕ್ಕಿಂತ ಹೆಚ್ಚು ಕಾರ್ಯಾಚರಣ ವ್ಯವಸ್ಥೆಗಳಲ್ಲಿ ನಡೆಯುವಂತೆ, ಅದರ ಸಂಕೇತ ಬರವಣಿಗೆ ಮುಂದುವರಿಯಿತು. ಜಿಪಿಎಲ್ ಪರವಾನಗಿಯಡಿ ಹೊರಬರುವ ಈ ತಂತ್ರಾಂಶದ ಆಕರ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಅದೇ ಪರವಾನಗಿಯ ನಿಯಮಗಳಂತೆ ಹಂಚಬಹುದು. ಅದನ್ನು ಇನ್ನೊಂದು ಭಾಷೆಗೆ ತರಲು ಯಾರ ಅಪ್ಪಣೆಯನ್ನೂ ಬೇಡಬೇಕಾಗಿಲ್ಲ.

ಮೂಲತಃ ಈ ತಂತ್ರಾಂಶವು ಕಮಾಂಡ್ ಲೈನಿನಿಂದ ಆರಂಭವಾಗುವಂಥದು. ಬಳಕೆದಾರರು ತಂತ್ರಾಂಶದ ಹೆಸರನ್ನು ಬೆರಳಚ್ಚಿಸಿ, ಅದರ ಮುಂದೆ ವಿಮಾನದ ಸಂಕೇತನಾಮ, ನಿಲ್ದಾಣದ ಸಂಕೇತಾಕ್ಷರಗಳು, ದಿನದ ಹೊತ್ತು, ಭೂದೃಶ್ಯ ಕಡತಗಳಿರುವ ಜಾಗ ಮುಂತಾದ ಆಯ್ಕೆಗಳನ್ನು ಒಂದಾದ ಮೇಲೊಂದರಂತೆ ಬರೆಯಬೇಕು. ಮಂಗಳೂರಿನಿಂದ ಸೆಸ್ನಾ 172 ವಿಮಾನದಲ್ಲಿ ಹೊರಡಬೇಕಾದರೆ ಆ ವಿಮಾನದ ಕಡತನಾಮ ಸಿ172ಪಿ ಎಂದೂ ಆ ನಿಲ್ದಾಣದ ಅಂತರರಾಷ್ಟ್ರೀಯ ಸಂಕೇತ ವಿಒಎಂಎಲ್ ಎಂದೂ ಮೊದಲೇ ತಿಳಿದಿರಬೇಕು. ಒಂದು ಅಕ್ಷರ ತಪ್ಪಿದರೂ ಹಾರಾಟ ಆರಂಭವಾಗದು, ಇಲ್ಲವೇ ಬೇರೆಲ್ಲಿಂದಲೋ ಆರಂಭವಾದೀತು.

ಇಂಥ ಬರವಣಿಗೆಯ ಹೊರೆಯನ್ನು ಲಾಂಚರ್ ಕಿಟಕಿ, ಪಟ್ಟಿ, ಗುಂಡಿಗಳ ರೂಪಕ್ಕೆ ತಿರುಗಿಸುತ್ತದೆ. ಅದು ಮಾಡುವ ಕೆಲಸ ಮೂರು ಬಗೆಯದು. ಮೊದಲನೆಯದಾಗಿ, ಗಣಕದಲ್ಲಿ ಏನೇನು ಲಭ್ಯವಿದೆ ಎಂಬುದನ್ನು ಹುಡುಕಿ ತೋರಿಸುತ್ತದೆ. ಎರಡನೆಯದಾಗಿ, ಬಳಕೆದಾರರ ಆಯ್ಕೆಗಳನ್ನು ನೆನಪಿಟ್ಟುಕೊಳ್ಳುತ್ತದೆ. ಮೂರನೆಯದಾಗಿ, ಆ ಆಯ್ಕೆಗಳನ್ನು ಎಂಜಿನಿಗೆ, ಅಂದರೆ ಹಾರಾಟವನ್ನು ಲೆಕ್ಕ ಹಾಕಿ ಚಿತ್ರಿಸುವ ಮುಖ್ಯ ಭಾಗಕ್ಕೆ, ಅದಕ್ಕೆ ತಿಳಿಯುವ ರೂಪದಲ್ಲಿ ಒಪ್ಪಿಸುತ್ತದೆ. ಒಂದು ಕಡೆ ಮನುಷ್ಯರ ಭಾಷೆ, ಇನ್ನೊಂದು ಕಡೆ ಎಂಜಿನಿನ ಭಾಷೆ. ನಡುವೆ ದುಭಾಷಿಯಂತೆ ನಿಲ್ಲುವುದು ಲಾಂಚರ್.

ಹೊರಗೆ ನಿಲ್ಲುವ ಲಾಂಚರ್, ಒಳಗೆ ಬೆರೆಯುವ ಲಾಂಚರ್

ಫ್ಲೈಟ್‌ಗಿಯರ್‌ಗೆ ಹಲವು ಲಾಂಚರ್‌ಗಳು ರೂಪುಗೊಂಡವು. ಎಫ್‌ಜಿ‌ರನ್ ಎಂಬುದು ಎಫ್‌ಎಲ್‌ಟಿಕೆ ಎಂಬ ಹಗುರವಾದ ಕಿಟಕಿ-ಗ್ರಂಥಾಲಯವನ್ನು ಬಳಸಿ ಬರೆದದ್ದು. ವಿಂಡೋಸ್ ಆವೃತ್ತಿಯ ಜೊತೆಯಲ್ಲಿ ಬಹುಕಾಲ ಅದನ್ನೇ ಹಂಚಲಾಗುತ್ತಿತ್ತು. ಎಫ್‌ಎಫ್‌ಗೋ ಎಂಬುದು ಪೈಥಾನ್ ಭಾಷೆಯಲ್ಲಿ, ಅದರ ಟಿಕೆಇಂಟರ್ ಸಾಧನದ ಮೇಲೆ ಕಟ್ಟಿದ್ದು. 2015ರ ಸುಮಾರಿನಿಂದ ಫ್ಲೈಟ್‌ಗಿಯರಿನ ಒಳಗೇ ಕ್ಯೂಟಿ ಗ್ರಂಥಾಲಯದ ನೆರವಿನಿಂದ ಮತ್ತೊಂದು ಲಾಂಚರ್ ಬೆಳೆದು, ಕ್ರಮೇಣ ಅದೇ ಮುಖ್ಯ ದಾರಿಯಾಯಿತು.

ಮೊದಲ ಎರಡು ಹೊರಗೆ ನಿಲ್ಲುವ ಬಗೆಯವು. ಅವು ಪ್ರತ್ಯೇಕ ಕ್ರಮವಿಧಿಗಳು. ಆಯ್ಕೆಗಳನ್ನು ಸಂಗ್ರಹಿಸಿ, ಕಮಾಂಡ್ ಲೈನನ್ನು ತಾವೇ ರಚಿಸಿ, ಎಂಜಿನನ್ನು ಇನ್ನೊಂದು ಪ್ರಕ್ರಿಯೆಯಾಗಿ ಎಬ್ಬಿಸುತ್ತವೆ. ಈ ಬಗೆಯ ಅನುಕೂಲ ಸ್ವಾತಂತ್ರ್ಯ: ಎಂಜಿನಿನ ಸಂಕೇತವನ್ನು ಮುಟ್ಟದೆ, ಒಬ್ಬರೇ ಕುಳಿತು ಬರೆದು ಮುಗಿಸಬಹುದು. ಅನನುಕೂಲವೆಂದರೆ ಪುನರಾವರ್ತನೆ. ನಿಲ್ದಾಣಗಳ ದತ್ತಾಂಶವನ್ನು ಎಂಜಿನ್ ಓದುತ್ತದೆ, ಲಾಂಚರೂ ಓದಬೇಕು. ವಿಮಾನಗಳ ವಿವರಕಡತಗಳನ್ನು ಎಂಜಿನ್ ಅರ್ಥಮಾಡಿಕೊಳ್ಳುತ್ತದೆ, ಲಾಂಚರೂ ಅರ್ಥಮಾಡಿಕೊಳ್ಳಬೇಕು. ಎಂಜಿನಿನ ಮುಂದಿನ ಆವೃತ್ತಿಯಲ್ಲಿ ಒಂದು ಆಯ್ಕೆಯ ಹೆಸರು ಬದಲಾದರೆ ಹಳೆಯ ಲಾಂಚರ್ ತಪ್ಪು ಆದೇಶವನ್ನು ಕಳಿಸುತ್ತದೆ.

ಒಳಗೆ ಬೆರೆತ ಲಾಂಚರಿನಲ್ಲಿ ಈ ಪುನರಾವರ್ತನೆ ಇಲ್ಲ. ದತ್ತಾಂಶವನ್ನು ಓದುವ ಸಂಕೇತ ಒಂದೇ. ಹಾರಾಟದ ಗುಂಡಿಯನ್ನು ಒತ್ತಿದಾಗ ಅದೇ ಪ್ರಕ್ರಿಯೆ ಮುಂದುವರಿದು ಸಿಮ್ಯುಲೇಟರ್ ಆಗಿ ತೆರೆದುಕೊಳ್ಳುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಭಾರವಾದ ಅವಲಂಬನೆ: ಕ್ಯೂಟಿ ದೊಡ್ಡ ಗ್ರಂಥಾಲಯ, ಅದನ್ನೂ ಮೂರು ವ್ಯವಸ್ಥೆಗಳಲ್ಲಿ ಸರಿಯಾಗಿ ಕಟ್ಟಿ ಜೊತೆಗೆ ಹಂಚಬೇಕು.

ಭಾಷೆಯ ದೃಷ್ಟಿಯಿಂದ ಈ ಆಯ್ಕೆ ತಟಸ್ಥವಾದುದಲ್ಲ. ಹೊರಗಿನ ಲಾಂಚರಿಗೆ ತನ್ನದೇ ಅನುವಾದ ಕಡತಗಳಿರುತ್ತವೆ. ಎಂಜಿನಿನ ಮೆನುಗಳಿಗೆ ಬೇರೆ ಕಡತಗಳು. ಒಂದೇ ಪದಕ್ಕೆ ಎರಡು ಕಡೆ ಎರಡು ಅನುವಾದ ಹುಟ್ಟುವ ಸಾಧ್ಯತೆ ಹೆಚ್ಚು. ಅದೇ ಹೊತ್ತಿಗೆ, ಎಂಜಿನ್ ಒಂದು ಲಿಪಿಯನ್ನು ತೋರಿಸಲಾರದಿದ್ದಾಗಲೂ ಲಾಂಚರ್ ಅದನ್ನು ತೋರಿಸಬಲ್ಲುದು ಎಂಬುದೂ ನಿಜ. ಕನ್ನಡಕ್ಕೆ ಈ ಎರಡನೆಯ ಮಾತು ಮುಖ್ಯ.

ಮೂರು ವ್ಯವಸ್ಥೆಗಳು, ಒಂದು ಹೆಸರು

ವಿಂಡೋಸ್, ಮ್ಯಾಕ್‌ಒಎಸ್, ಲಿನಕ್ಸ್ ಮೂರರಲ್ಲೂ ನಡೆಯಬೇಕಾದ ಲಾಂಚರಿನ ಕಷ್ಟಗಳು ತೀರ ಸಾಮಾನ್ಯವೆನಿಸುವ ಜಾಗದಲ್ಲಿ, ಕಡತದ ಹೆಸರಿನಲ್ಲಿ, ತಲೆದೋರುತ್ತವೆ. ಲಿನಕ್ಸ್ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಬೇರೆ ಬೇರೆ ಎಂದೆಣಿಸುತ್ತದೆ. ಉಳಿದೆರಡು ರೂಢಿಯಂತೆ ಹಾಗೆ ಎಣಿಸುವುದಿಲ್ಲ. ವಿಂಡೋಸಿನಲ್ಲಿ ಸರಿಯಾಗಿ ಸಿಕ್ಕ ವಿಮಾನದ ಕಡತ ಲಿನಕ್ಸಿನಲ್ಲಿ ಕಾಣೆಯಾಗುವುದು ಇದರಿಂದ. ಲಿನಕ್ಸಿನಲ್ಲಿ ಒಂದು ಪ್ರಕ್ರಿಯೆ ಇನ್ನೊಂದಕ್ಕೆ ಆಯ್ಕೆಗಳನ್ನು ಬಿಡಿಬಿಡಿಯಾಗಿ ಒಪ್ಪಿಸುತ್ತದೆ. ವಿಂಡೋಸಿನಲ್ಲಿ ಅವೆಲ್ಲ ಒಂದೇ ಉದ್ದ ಸಾಲಾಗಿ ಹೋಗುತ್ತವೆ. ಹಾಗಾಗಿ ‘ನನ್ನ ವಿಮಾನಗಳು’ ಎಂಬಂತೆ ನಡುವೆ ತೆರಪಿರುವ ಕೋಶದ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡದಿದ್ದರೆ ಅದು ಎರಡು ಹೆಸರುಗಳಾಗಿ ಒಡೆಯುತ್ತದೆ.

ಹೆಸರು ಕನ್ನಡ ಲಿಪಿಯಲ್ಲಿದ್ದರೆ ಪ್ರಶ್ನೆ ಇನ್ನಷ್ಟು ಆಳಕ್ಕಿಳಿಯುತ್ತದೆ. ವಿಂಡೋಸಿನ ಹಳೆಯ ಪದ್ಧತಿಯಲ್ಲಿ ಪ್ರತಿ ಪ್ರದೇಶಕ್ಕೂ ಒಂದು ಸಂಕೇತಪುಟವಿತ್ತು: ಪಶ್ಚಿಮ ಯುರೋಪಿಗೆ ಒಂದು, ರಷ್ಯನ್ ಮುಂತಾದ ಸಿರಿಲಿಕ್ ಭಾಷೆಗಳಿಗೆ ಒಂದು. ಕನ್ನಡಕ್ಕೆ ಅಂಥ ಪುಟವೇ ಇರಲಿಲ್ಲ. ಅದು ಯುನಿಕೋಡ್ ಮೂಲಕವೇ ಬರಬೇಕಿತ್ತು. ಹಳೆಯ ಪದ್ಧತಿಯಲ್ಲಿ ಬರೆದ ಕ್ರಮವಿಧಿಗೆ ಕನ್ನಡದಲ್ಲಿ ಹೆಸರಿಟ್ಟ ಕೋಶ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಅದನ್ನು ತೆರೆಯಲು ಆಗದು. ಫ್ರೆಂಚ್ ಬಳಕೆದಾರರಿಗೆ ಅದೇ ಕ್ರಮವಿಧಿ ಹೇಗೋ ನಡೆದೀತು. ಕನ್ನಡ, ಮಲಯಾಳಂ, ಮರಾಠಿ, ತೆಲುಗು ಬಳಕೆದಾರರಿಗೆ ಅದು ಪೂರ್ತಿ ಮುಚ್ಚಿದ ಬಾಗಿಲು.

ಯುನಿಕೋಡನ್ನು ಅಳವಡಿಸಿಕೊಂಡ ಮೇಲೂ ಎಚ್ಚರ ಬೇಕು. ‘ಕೋಟೆ’ ಎಂಬ ಪದದ ಓಕಾರ ಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಬಿಂದುವಾಗಿಯೂ ಬರೆಯಬಹುದು, ಮೂರು ಬಿಂದುಗಳಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಮ್ಯಾಕ್‌ನ ಹಳೆಯ ಕಡತ ವ್ಯವಸ್ಥೆಯು ಹೆಸರುಗಳನ್ನು ಬಿಡಿಸಿದ ರೂಪದಲ್ಲಿ ಇಟ್ಟುಕೊಳ್ಳುತ್ತಿತ್ತು. ಅಲ್ಲಿಂದ ಬಂದ ಹೆಸರನ್ನೂ ಲಿನಕ್ಸಿನಲ್ಲಿ ಬೆರಳಚ್ಚಿಸಿದ ಹೆಸರನ್ನೂ ಬೈಟ್ ಬೈಟಾಗಿ ಹೋಲಿಸುವ ಲಾಂಚರ್ ಒಂದೇ ಕೋಶವನ್ನು ಎರಡೆಂದು ಭಾವಿಸುತ್ತದೆ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವುದು ಇದಕ್ಕೆ ಪರಿಹಾರ.

ಅಕ್ಷರವನ್ನು ಬಿಡಿಸುವವರು ಯಾರು

‘ನಿಲ್ದಾಣ’ ಎಂಬ ಪದದಲ್ಲಿ ಓದುಗರ ಕಣ್ಣಿಗೆ ಮೂರು ಅಕ್ಷರಗಳಿವೆ. ಯುನಿಕೋಡಿನ ಲೆಕ್ಕದಲ್ಲಿ ಏಳು ಸಂಕೇತಬಿಂದುಗಳು: ನ, ಇಕಾರ, ಲ, ವಿರಾಮ, ದ, ಆಕಾರ, ಣ. ಯುಟಿಎಫ್-8 ಕ್ರಮದಲ್ಲಿ ಪ್ರತಿ ಬಿಂದುವಿಗೆ ಮೂರು ಬೈಟ್‌ಗಳಂತೆ ಒಟ್ಟು 21. ಬೈಟ್‌ಗಳನ್ನೇ ಅಕ್ಷರವೆಂದು ಎಣಿಸಿ ಇಪ್ಪತ್ತಕ್ಕೆ ಕತ್ತರಿಸುವ ಕ್ರಮವಿಧಿ ಈ ಪದದ ಕೊನೆಯ ಣಕಾರವನ್ನು ಮುರಿದುಬಿಡುತ್ತದೆ.

ಏಳು ಬಿಂದುಗಳನ್ನು ಮೂರು ಅಕ್ಷರಗಳಾಗಿ ಕೂಡಿಸುವುದು, ದಕಾರವನ್ನು ಲಕಾರದ ಕೆಳಗೆ ಒತ್ತಾಗಿ ಇಳಿಸುವುದು, ಆಕಾರವನ್ನು ಮೂಲಾಕ್ಷರದ ಮೇಲೆ ಕೂರಿಸುವುದು ಇವು ಲಿಪಿಜೋಡಣೆಯ ಕೆಲಸಗಳು. ಕ್ಯೂಟಿ ಇದಕ್ಕಾಗಿ ಹಾರ್ಫ್‌ಬಝ್ ಎಂಬ ಜೋಡಣಾ ಗ್ರಂಥಾಲಯವನ್ನು ಒಳಗೊಂಡಿರುವುದರಿಂದ ಕನ್ನಡ ಫಾಂಟ್ ಇದ್ದರೆ ಮೂರು ವ್ಯವಸ್ಥೆಗಳಲ್ಲೂ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆ. ಫ್ಲೈಟ್‌ಗಿಯರಿನ ಹಾರಾಟದ ಒಳಗಿನ ಮೆನುಗಳು ದೀರ್ಘಕಾಲ ಪಿಲಿಬ್ ಎಂಬ ಹಳೆಯ ಗ್ರಂಥಾಲಯದ ಮೇಲೆ ನಿಂತಿದ್ದವು. ಅಲ್ಲಿ ಒಂದೊಂದು ಸಂಕೇತಕ್ಕೆ ಒಂದೊಂದು ಚಿತ್ರಬಿಲ್ಲೆಯನ್ನು ಸಾಲಾಗಿ ಇಡುವ ವಿಧಾನವಿತ್ತು. ರೋಮನ್ ಲಿಪಿಗೆ ಅದು ಸಾಕು, ಒತ್ತು ಕೊಡುವ ಲಿಪಿಗೆ ಸಾಲದು.

ಆದ್ದರಿಂದ ಕನ್ನಡವು ಇಂಥ ತಂತ್ರಾಂಶವನ್ನು ಪ್ರವೇಶಿಸುವುದಾದರೆ ಲಾಂಚರಿನ ಮೂಲಕ ಪ್ರವೇಶಿಸುವುದು ಸಹಜ. ಬಳಕೆದಾರರು ಓದಿ, ಯೋಚಿಸಿ, ಆರಿಸಬೇಕಾದ ವಿವರಣೆಗಳು ಬಹುಪಾಲು ಇರುವುದೂ ಅಲ್ಲಿಯೇ.

ವಿಭಕ್ತಿಯ ತೊಡಕು

ಲಾಂಚರಿನ ಮಾತುಗಳನ್ನು ಸಂಕೇತದಿಂದ ಬೇರ್ಪಡಿಸಿ ಅನುವಾದ ಕಡತಗಳಲ್ಲಿ ಇಡಲಾಗುತ್ತದೆ. ಫ್ಲೈಟ್‌ಗಿಯರ್ ಇದಕ್ಕೆ ಎಕ್ಸ್‌ಲಿಫ್ ಎಂಬ ಮಾನಕವನ್ನು ಅನುಸರಿಸುತ್ತದೆ. ಪ್ರತಿ ಘಟಕದಲ್ಲೂ ಒಂದು ಮೂಲವಾಕ್ಯ, ಅದರ ಎದುರು ಒಂದು ಗುರಿವಾಕ್ಯ. ಸರಳವಾಗಿ ಕಾಣುವ ಈ ಏರ್ಪಾಟಿನಲ್ಲಿ ತೊಡಕು ಬರುವುದು, ವಾಕ್ಯದ ನಡುವೆ ಖಾಲಿ ಸ್ಥಾನವನ್ನು ಬಿಟ್ಟು, ಅಲ್ಲಿ ಹೆಸರೊಂದನ್ನು ತಂತ್ರಾಂಶವೇ ತುಂಬುವಾಗ.

ಇಂಗ್ಲಿಷಿನಲ್ಲಿ ‘ಫ್ರಮ್’ ಎಂಬ ಪದದ ಮುಂದೆ ಯಾವ ಊರ ಹೆಸರನ್ನು ಇಟ್ಟರೂ ವಾಕ್ಯ ನಿಲ್ಲುತ್ತದೆ. ಕನ್ನಡದಲ್ಲಿ ವಿಭಕ್ತಿಯು ಹೆಸರಿಗೆ ಅಂಟಿಕೊಳ್ಳುತ್ತದೆ. ಅಂಟುವಾಗ ಹೆಸರಿನ ಕೊನೆಯನ್ನು ನೋಡಿ ರೂಪ ಬದಲಿಸುತ್ತದೆ: ಮಂಗಳೂರಿನಿಂದ, ಬೆಳಗಾವಿಯಿಂದ, ಸೊಲ್ಲಾಪುರದಿಂದ. ಖಾಲಿ ಸ್ಥಾನದ ಮುಂದೆ ‘ಇಂದ’ ಎಂದು ಬರೆದಿಟ್ಟರೆ ‘ಮಂಗಳೂರುಇಂದ’ ಎಂಬ ವಿಕಾರ ರೂಪ ಪರದೆಯ ಮೇಲೆ ಬರುತ್ತದೆ. ಅನುವಾದಕರು ಎಷ್ಟೇ ಸಮರ್ಥರಾಗಿದ್ದರೂ ಇದನ್ನು ತಮ್ಮ ಕಡತದೊಳಗೆ ಪೂರ್ತಿಯಾಗಿ ಸರಿಪಡಿಸಲಾರರು, ಏಕೆಂದರೆ ಯಾವ ಹೆಸರು ಬರಲಿದೆ ಎಂಬುದು ಅವರಿಗೆ ತಿಳಿಯದು.

ದಾರಿ ಎರಡು. ವಾಕ್ಯವನ್ನು ಬಿಟ್ಟು ತಲೆಪಟ್ಟಿಯ ರೂಪಕ್ಕೆ ಹೋಗುವುದು ಒಂದು: ‘ಹೊರಡುವ ನಿಲ್ದಾಣ: ಮಂಗಳೂರು’. ಹೆಸರಿನ ಮುಂದೆ ವಿಭಕ್ತಿಯನ್ನು ಹೊರಬಲ್ಲ ನಿಶ್ಚಿತ ಪದವೊಂದನ್ನು ಇಡುವುದು ಇನ್ನೊಂದು: ‘ಮಂಗಳೂರು ನಿಲ್ದಾಣದಿಂದ’. ಎರಡನೆಯ ದಾರಿ ಅನುವಾದಕರ ಕೈಯಲ್ಲೇ ಇದೆ, ಆದರೆ ಖಾಲಿ ಸ್ಥಾನವನ್ನು ವಾಕ್ಯದಲ್ಲಿ ಎಲ್ಲಿ ಬೇಕಾದರೂ ಇಡುವ ಅವಕಾಶವನ್ನು ಲಾಂಚರ್ ಬರೆದವರು ಕೊಟ್ಟಿರಬೇಕು. ತುಣುಕು ತುಣುಕಾಗಿ ವಾಕ್ಯ ಕಟ್ಟುವ ಸಂಕೇತದಲ್ಲಿ, ಅಂದರೆ ‘ಫ್ರಮ್’ ಒಂದು ತುಣುಕು, ಹೆಸರು ಇನ್ನೊಂದು ತುಣುಕು ಎಂಬಲ್ಲಿ, ಈ ಅವಕಾಶವೇ ಇಲ್ಲ. ತಮಿಳು, ತೆಲುಗು, ಮಲಯಾಳಂಗಳಲ್ಲೂ ಪ್ರತ್ಯಯಗಳು ಹೆಸರಿನ ಹಿಂದೆಯೇ ಬರುವುದರಿಂದ ಕನ್ನಡಕ್ಕಾಗಿ ಮಾಡಿದ ತಿದ್ದುಪಡಿ ನೆರೆಭಾಷೆಗಳಿಗೂ ಒದಗುತ್ತದೆ.

ಸಂಖ್ಯೆಯ ಪ್ರಶ್ನೆಯೂ ಹೀಗೆಯೇ. ಯುನಿಕೋಡ್ ಒಕ್ಕೂಟದ ಸಿಎಲ್‌ಡಿಆರ್ ದತ್ತಾಂಶವು ಕನ್ನಡದಲ್ಲಿ ಸೊನ್ನೆಯನ್ನು ಏಕವಚನದ ಗುಂಪಿಗೆ ಸೇರಿಸುತ್ತದೆ. ಇಂಗ್ಲಿಷಿನಲ್ಲಿ ಸೊನ್ನೆ ಬಹುವಚನದ ಕಡೆಗೆ ಹೋಗುತ್ತದೆ. ಆಡುವ ಕನ್ನಡದಲ್ಲಂತೂ ‘ಐದು ವಿಮಾನ’ ಎಂದರೂ ಸರಿಯೇ. ಅಂಕಿಗಳ ವಿಷಯದಲ್ಲಿ ಎಚ್ಚರ ಬೇರೆ ಬಗೆಯದು. ಪರದೆಯ ಮೇಲೆ ಕನ್ನಡ ಅಂಕಿಗಳನ್ನು ತೋರಿಸಬಹುದು; ಆದರೆ ಎಂಜಿನಿಗೆ ಕಳಿಸುವ ಅಕ್ಷಾಂಶ, ಎತ್ತರ, ವೇಗಗಳು ಭಾಷಾತಟಸ್ಥ ರೂಪದಲ್ಲೇ ಹೋಗಬೇಕು. ದಶಮಾಂಶಕ್ಕೆ ಅಲ್ಪವಿರಾಮವನ್ನು ಬಳಸುವ ಜರ್ಮನ್ ರೂಢಿಯಿಂದ ಕೆಡುವ ಲೆಕ್ಕ ಕನ್ನಡ ಅಂಕಿಗಳಿಂದಲೂ ಕೆಡುತ್ತದೆ.

ಯಾವ ಭಾಷೆ ಎಂದು ಕೇಳುವ ಬಗೆ

ಗಣಕಕ್ಕೆ ಕನ್ನಡವನ್ನು ಸೂಚಿಸುವ ಸಂಕೇತ ಭಾಷೆಯನ್ನೂ ದೇಶವನ್ನೂ ಹೇಳುತ್ತದೆ: ಕನ್ನಡ, ಭಾರತ. ರಾಜ್ಯವನ್ನು ಹೇಳುವುದಿಲ್ಲ. ತಾಳವಾಡಿಯ ಕನ್ನಡಿಗರಿಗೂ ಅಕ್ಕಲಕೋಟೆಯ ಕನ್ನಡಿಗರಿಗೂ ಮೈಸೂರಿನವರಿಗೂ ಸಂಕೇತ ಒಂದೇ. ಆದರೆ ಬಳಕೆಯ ಸನ್ನಿವೇಶ ಒಂದೇ ಅಲ್ಲ. ಗಡಿಯಾಚೆಯ ಶಾಲೆ, ಗ್ರಂಥಾಲಯಗಳಲ್ಲಿ ಹಲವರು ಹಂಚಿಕೊಂಡು ಬಳಸುವ ಗಣಕದ ವ್ಯವಸ್ಥಾಭಾಷೆ ಮಲಯಾಳಂ, ತಮಿಳು, ಮರಾಠಿ, ಇಲ್ಲವೇ ಇಂಗ್ಲಿಷ್ ಆಗಿರಬಹುದು. ಆ ಭಾಷೆಯನ್ನೇ ಬಳಕೆದಾರರ ಭಾಷೆಯೆಂದು ಊಹಿಸುವ ಲಾಂಚರ್, ಅನುವಾದ ಸಿದ್ಧವಿದ್ದಾಗಲೂ ಕನ್ನಡವನ್ನು ತೋರಿಸುವುದಿಲ್ಲ.

ಫ್ಲೈಟ್‌ಗಿಯರಿನಲ್ಲಿ ಭಾಷೆಯನ್ನು ಹೇಳಿಕೊಡುವ ಕಮಾಂಡ್ ಲೈನ್ ಆಯ್ಕೆ ಬೇರೆಯಾಗಿಯೇ ಇದೆ. ಕಮಾಂಡ್ ಲೈನನ್ನು ಬರೆಯಬಲ್ಲವರಿಗೆ ಅದು ಸಾಕು. ಬರೆಯಲಾರದವರಿಗಾಗಿಯೇ ಲಾಂಚರ್ ಇರುವುದರಿಂದ ಭಾಷೆಯ ಆಯ್ಕೆಯೂ ಲಾಂಚರಿನ ಮೊದಲ ಕಿಟಕಿಯಲ್ಲಿ ಕಣ್ಣಿಗೆ ಬೀಳುವಂತಿರಬೇಕು, ಪ್ರತಿ ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿರಬೇಕು. ಕನ್ನಡದಲ್ಲಿ ಇನ್ನೂ ಅನುವಾದವಾಗದ ವಾಕ್ಯ ಎದುರಾದಾಗ ಯಾವ ಭಾಷೆಗೆ ಹೊರಳಬೇಕು ಎಂಬುದನ್ನೂ ಕೇಳುವುದು ಉಚಿತ. ಜತ್ತಿನ ವಿದ್ಯಾರ್ಥಿಗೆ ಇಂಗ್ಲಿಷಿಗಿಂತ ಮರಾಠಿ ಸುಲಭವಾಗಿರಬಹುದು. ಆಧುನಿಕ ವ್ಯವಸ್ಥೆಗಳು ಬಳಕೆದಾರರ ಭಾಷೆಗಳನ್ನು ಆದ್ಯತೆಯ ಪಟ್ಟಿಯಾಗಿ ಇಟ್ಟುಕೊಳ್ಳುತ್ತವೆ. ಕ್ಯೂಟಿ ಆ ಪಟ್ಟಿಯನ್ನು ಓದಬಲ್ಲುದು. ದ್ವಿಭಾಷಿಕತೆಯನ್ನು ಸಹಜ ಸ್ಥಿತಿಯೆಂದು ಒಪ್ಪಿಕೊಂಡ ಲಾಂಚರ್ ಅದನ್ನು ಬಳಸಿಕೊಳ್ಳುತ್ತದೆ.

ಊರ ಹೆಸರುಗಳದು ಇನ್ನೊಂದು ಸಮಸ್ಯೆ. ನಿಲ್ದಾಣಗಳ ದತ್ತಾಂಶ ರೋಮನ್ ಲಿಪಿಯಲ್ಲಿದೆ. ‘ಬಜ್ಪೆ’ ಎಂದೋ ‘ಸೊಲ್ಲಾಪುರ’ ಎಂದೋ ಕನ್ನಡದಲ್ಲಿ ಬರೆದು ಹುಡುಕಿದರೆ ಅಲ್ಲಿ ಏನೂ ಸಿಗದು. ವಿಒಎಂಎಲ್, ವಿಎಎಸ್‌ಎಲ್ ಎಂಬ ಸಂಕೇತಗಳನ್ನು ಬುಡದಲ್ಲಿಟ್ಟು, ಪ್ರತಿಯೊಂದಕ್ಕೂ ಸ್ಥಳೀಯ ಹೆಸರುಗಳ ಪಟ್ಟಿಯನ್ನು ಲಾಂಚರಿನ ಪದರದಲ್ಲಿ ಸೇರಿಸಿದರೆ ಎಂಜಿನಿನ ದತ್ತಾಂಶವನ್ನು ಮುಟ್ಟದೆಯೇ ಹುಡುಕಾಟ ಕನ್ನಡದಲ್ಲಿ ನಡೆಯುತ್ತದೆ. ಒಂದು ನಿಲ್ದಾಣಕ್ಕೆ ಕನ್ನಡದಲ್ಲೊಂದು, ಮಲಯಾಳಂನಲ್ಲೊಂದು, ಹಳೆಯ ರೂಢಿಯಲ್ಲೊಂದು ಹೆಸರಿದ್ದರೂ ತೊಂದರೆಯಿಲ್ಲ. ಎಲ್ಲವೂ ಒಂದೇ ಸಂಕೇತಕ್ಕೆ ಬಂದು ಸೇರುತ್ತವೆ.

ಎಲ್ಲಿ ನಿಲ್ಲಬೇಕು

ಎಲ್ಲವನ್ನೂ ಅನುವಾದಿಸಬೇಕೆಂಬುದು ವಿವೇಕವಲ್ಲ. ವೈಮಾನಿಕ ಸಂವಹನದಲ್ಲಿ ಇಂಗ್ಲಿಷಿಗೆ ಅಂತರರಾಷ್ಟ್ರೀಯ ಸ್ಥಾನವಿದೆ. ರನ್‌ವೇಯ ಮೇಲೆ ಬಳಿದ ಅಂಕಿಗಳು, ವಿಮಾನದ ಉಪಕರಣಗಳ ಮೇಲಿನ ಬರಹ, ನಿಯಂತ್ರಣ ಗೋಪುರದೊಡನೆ ಆಡುವ ನಿಗದಿತ ನುಡಿಗಟ್ಟು ಇವು ಹಾಗೆಯೇ ಉಳಿಯುವುದು ಕಲಿಯುವವರಿಗೆ ಹಿತ. ಥ್ರಾಟಲ್, ಫ್ಲ್ಯಾಪ್, ರನ್‌ವೇ ಎಂಬ ಪದಗಳನ್ನು ಕನ್ನಡ ಲಿಪಿಯಲ್ಲಿ ಉಳಿಸಿಕೊಂಡು, ಅವು ಏನು ಮಾಡುತ್ತವೆ ಎಂಬ ವಿವರಣೆಯನ್ನು ಕನ್ನಡದಲ್ಲಿ ಕೊಡಬಹುದು. ಸಂಸ್ಕೃತದಿಂದ ಹೊಸದಾಗಿ ಟಂಕಿಸಿದ ಪದವೊಂದು ಹೊಸೂರಿನ ವಿದ್ಯಾರ್ಥಿಗೂ ರಾಯದುರ್ಗದ ವಿದ್ಯಾರ್ಥಿಗೂ ಸಮಾನವಾಗಿ ಅಪರಿಚಿತವಾಗಿದ್ದರೆ ಅದರಿಂದ ಭಾಷೆಗೆ ದೊರೆಯುವ ಲಾಭ ಅಲ್ಪ.

ಅನುವಾದವು ಒಮ್ಮೆ ಮಾಡಿ ಮುಗಿಸುವ ಕೆಲಸವೂ ಅಲ್ಲ. ಮೂಲವಾಕ್ಯ ಬದಲಾದಾಗ ಅದರ ಎದುರಿನ ಗುರಿವಾಕ್ಯ ಹಳತಾಗುತ್ತದೆ. ಹೊಸ ಆಯ್ಕೆ ಸೇರಿದಾಗ ಹೊಸ ಘಟಕ ಖಾಲಿಯಾಗಿ ಬರುತ್ತದೆ. ಒಬ್ಬರ ಉತ್ಸಾಹದಿಂದ ಒಂದು ಆವೃತ್ತಿಗೆ ಪೂರ್ಣವಾದ ಅನುವಾದ, ನೋಡಿಕೊಳ್ಳುವವರಿಲ್ಲದೆ ಕೆಲವು ಆವೃತ್ತಿಗಳಲ್ಲಿ ಅರ್ಧ ಇಂಗ್ಲಿಷ್, ಅರ್ಧ ಸ್ವಭಾಷೆಯ ಮಿಶ್ರಣವಾಗಿ ಉಳಿಯುತ್ತದೆ. ಸಣ್ಣ ಸಮುದಾಯಗಳಿಗೆ ನಿಜವಾದ ಅಪಾಯ ಇದು. ಪದಗಳ ಆಯ್ಕೆಯನ್ನು ಒಂದೆಡೆ ಬರೆದಿಟ್ಟು, ಹೊಣೆಯನ್ನು ಇಬ್ಬರು ಮೂವರು ಹಂಚಿಕೊಂಡರೆ ಅದನ್ನು ತಡೆಯಬಹುದು.

ಮುಕ್ತ ತಂತ್ರಾಂಶದ ಪರವಾನಗಿ ಬಾಗಿಲಿನ ಬೀಗವನ್ನು ತೆಗೆಯುತ್ತದೆ; ಹೊಸ್ತಿಲಿನ ಎತ್ತರವನ್ನು ಇಳಿಸುವುದಿಲ್ಲ. ಕಡತದ ಹೆಸರನ್ನು ಯುನಿಕೋಡಿನಲ್ಲಿ ಓದುವುದು, ವಾಕ್ಯವನ್ನು ಇಡಿಯಾಗಿ ಅನುವಾದಕ್ಕೆ ಒಪ್ಪಿಸುವುದು, ಲಿಪಿಜೋಡಣೆ ಬಲ್ಲ ಗ್ರಂಥಾಲಯವನ್ನು ಆರಿಸುವುದು, ಭಾಷೆಯನ್ನು ಊಹಿಸದೆ ಕೇಳುವುದು ಈ ನಾಲ್ಕು ತೀರ್ಮಾನಗಳನ್ನು ಲಾಂಚರ್ ಬರೆಯುವ ಮೊದಲ ದಿನವೇ ಕೈಗೊಂಡರೆ ತಗಲುವ ಶ್ರಮ ಅಲ್ಪ. ಹತ್ತು ವರ್ಷಗಳ ಸಂಕೇತದೊಳಗೆ ಅವನ್ನು ಆಮೇಲೆ ತುರುಕುವ ಶ್ರಮ ಅಪಾರ. ಭಾಷೆಯನ್ನು ಬಲ್ಲವರು ತಂತ್ರಜ್ಞರ ಜೊತೆ ಕೂರಬೇಕಾದ ಕಾಲ ಅನುವಾದದ ಹಂತವಲ್ಲ, ಆ ಮೊದಲ ದಿನ. ಆಗ ಮಂಜೇಶ್ವರದ ವಿದ್ಯಾರ್ಥಿಯು ‘ಬಜ್ಪೆ’ ಎಂದು ಕನ್ನಡದಲ್ಲೇ ಬರೆದು ಹಾರಾಟವನ್ನು ಆರಂಭಿಸಬಲ್ಲನು.